ಸೂಲಗಿತ್ತಿ ಆರೈಕೆಯಲ್ಲಿ ಗರ್ಭಾವಸ್ಥೆಯ ತೊಡಕುಗಳು

ಗರ್ಭಾವಸ್ಥೆಯ ತೊಡಕುಗಳು ಎಂದರೆ ಬಸಿರು, ಹೆರಿಗೆ ಹಾಗೂ ಬಾಣಂತನದ ಕಾಲದಲ್ಲಿ ತಾಯಿಯ ಅಥವಾ ಮಗುವಿನ ಆರೋಗ್ಯಕ್ಕೆ ಧಕ್ಕೆ ತರುವ ಸ್ಥಿತಿಗಳು. ರಕ್ತಹೀನತೆ, ಅಧಿಕ ರಕ್ತದೊತ್ತಡ, ರಕ್ತಸ್ರಾವ, ಮಧುಮೇಹ, ಸೋಂಕು ಮತ್ತು ಅವಧಿಪೂರ್ವ ಹೆರಿಗೆ ಇವುಗಳಲ್ಲಿ ಮುಖ್ಯವಾದವು. ಗರ್ಭಾವಸ್ಥೆಯು ಕಾಯಿಲೆಯಲ್ಲ, ಬಹುಪಾಲು ಸ್ತ್ರೀಯರಲ್ಲಿ ಅದು ಸಹಜವಾಗಿಯೇ ಆರಂಭವಾಗಿ ಸಹಜವಾಗಿಯೇ ಮುಗಿಯುತ್ತದೆ. ಆದರೆ ಸಹಜವಾಗಿ ಸಾಗುತ್ತಿರುವ ಬಸಿರು ಯಾವಾಗ ಅಪಾಯದ ಕಡೆಗೆ ತಿರುಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳುವುದು ಎಲ್ಲ ಸಂದರ್ಭಗಳಲ್ಲಿಯೂ ಸಾಧ್ಯವಿಲ್ಲ. ಆದ್ದರಿಂದ ಸೂಲಗಿತ್ತಿಯ ಹೊಣೆ ಮೂರು ಬಗೆಯದು: ಸಹಜವಾದುದನ್ನು ಕಾಪಾಡುವುದು, ಅಸಹಜವಾದುದನ್ನು ಬೇಗನೆ ಗುರುತಿಸುವುದು, ತನ್ನ ಮಿತಿಯನ್ನು ಮೀರಿದುದನ್ನು ಪ್ರಥಮ ಚಿಕಿತ್ಸೆಯೊಂದಿಗೆ ತಕ್ಕ ಆಸ್ಪತ್ರೆಗೆ ಸಕಾಲದಲ್ಲಿ ತಲುಪಿಸುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಸುಮಾರು 2,60,000 ಮಹಿಳೆಯರು ಗರ್ಭಾವಸ್ಥೆ ಹಾಗೂ ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಮೃತಪಟ್ಟರು. ಭಾರತದಲ್ಲಿ 2018–20ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 97 ತಾಯಂದಿರ ಮರಣ ಸಂಭವಿಸಿದ್ದು, ಕರ್ನಾಟಕದಲ್ಲಿ ಈ ಪ್ರಮಾಣ 69 ಆಗಿತ್ತು. ಈ ಸಾವುಗಳಲ್ಲಿ ಬಹುಪಾಲನ್ನು ತಡೆಯಬಹುದಾಗಿದೆ.

ಸೂಲಗಿತ್ತಿಯರು ಮತ್ತು ತರಬೇತಿ

ಕನ್ನಡದಲ್ಲಿ ಹೆರಿಗೆ ಮಾಡಿಸುವವಳನ್ನು ಸೂಲಗಿತ್ತಿ ಎನ್ನುತ್ತಾರೆ. ಕಳೆದ ಶತಮಾನದ ಬಹುಭಾಗ ಗ್ರಾಮೀಣ ಕರ್ನಾಟಕದ ಹೆರಿಗೆಗಳು ಮನೆಗಳಲ್ಲಿಯೇ, ಅನುಭವಸ್ಥ ಸೂಲಗಿತ್ತಿಯರ ಕೈಯಲ್ಲಿ ನಡೆಯುತ್ತಿದ್ದವು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಈ ಪರಂಪರೆಯ ಪ್ರಸಿದ್ಧ ಪ್ರತಿನಿಧಿ. ಯಾವ ಪ್ರತಿಫಲವನ್ನೂ ಬಯಸದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಲಭಿಸಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು.

ಇಂದು ಕರ್ನಾಟಕದಲ್ಲಿ ಹೆರಿಗೆಗಳ ಸ್ಥಳ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಉಪಕೇಂದ್ರದ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಕಿ ಮತ್ತು ಹಳ್ಳಿಯ ಆಶಾ ಕಾರ್ಯಕರ್ತೆ ಸೇರಿ ಗರ್ಭಿಣಿಯ ಆರೈಕೆಯನ್ನು ಹಂಚಿಕೊಂಡಿದ್ದಾರೆ. ಭಾರತ ಸರ್ಕಾರವು ಡಿಸೆಂಬರ್ 2018ರಲ್ಲಿ ಸೂಲಗಿತ್ತಿ ಸೇವೆಗಳ ಕುರಿತು ಮಾರ್ಗಸೂಚಿಯನ್ನು ಪ್ರಕಟಿಸಿ, ನೋಂದಾಯಿತ ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿಯನ್ನು ನೀಡುವ ಯೋಜನೆಯನ್ನು ಆರಂಭಿಸಿತು. ಈ ಲೇಖನದಲ್ಲಿ ಸೂಲಗಿತ್ತಿ ಎಂಬ ಪದವನ್ನು ಇಂತಹ ತರಬೇತಿ ಪಡೆದವರ ಅರ್ಥದಲ್ಲಿ ಬಳಸಲಾಗಿದೆ.

ಪ್ರಸವಪೂರ್ವ ತಪಾಸಣೆ

ತೊಡಕುಗಳನ್ನು ಗುರುತಿಸುವ ಮೊದಲ ಸಾಧನ ಕ್ರಮಬದ್ಧವಾದ ತಪಾಸಣೆ. ಭಾರತದ ಮಾರ್ಗಸೂಚಿಯಲ್ಲಿ ಕನಿಷ್ಠ ನಾಲ್ಕು ಭೇಟಿಗಳಿವೆ: ಮೊದಲನೆಯದು 12 ವಾರಗಳೊಳಗೆ, ಎರಡನೆಯದು 14ರಿಂದ 26 ವಾರಗಳ ನಡುವೆ, ಮೂರನೆಯದು 28ರಿಂದ 34 ವಾರಗಳ ನಡುವೆ, ನಾಲ್ಕನೆಯದು 36 ವಾರಗಳ ಅನಂತರ. ವಿಶ್ವ ಆರೋಗ್ಯ ಸಂಸ್ಥೆಯು 2016ರಿಂದ ಎಂಟು ಭೇಟಿಗಳನ್ನು ಶಿಫಾರಸು ಮಾಡುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಪ್ರತಿ ಭೇಟಿಯಲ್ಲಿ ತೂಕ, ರಕ್ತದೊತ್ತಡ, ಹೊಟ್ಟೆಯ ಬೆಳವಣಿಗೆ ಮತ್ತು ಮಗುವಿನ ಹೃದಯ ಬಡಿತವನ್ನು ನೋಡಲಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಹಾಗೂ ಸಕ್ಕರೆಯ ಅಂಶ, ರಕ್ತದಲ್ಲಿ ಹಿಮೋಗ್ಲೋಬಿನ್ ಪರೀಕ್ಷಿಸಲಾಗುತ್ತದೆ. ರಕ್ತದ ಗುಂಪು, ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳು ಆರಂಭದಲ್ಲಿಯೇ ಆಗಬೇಕು. ಹಿಂದಿನ ಹೆರಿಗೆಗಳ ವಿವರ ಬಹಳ ಮುಖ್ಯವಾದುದು. ಹಿಂದೆ ಶಸ್ತ್ರಚಿಕಿತ್ಸೆಯ ಹೆರಿಗೆ, ಅತಿ ರಕ್ತಸ್ರಾವ, ಸೆಳವು ಅಥವಾ ಮೃತ ಜನನವಾಗಿದ್ದರೆ, ಅವಳಿ ಗರ್ಭವಿದ್ದರೆ, ತಾಯಿಗೆ ಹೃದ್ರೋಗವಿದ್ದರೆ ಹೆರಿಗೆಯನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ನಿಗದಿಪಡಿಸಲಾಗುತ್ತದೆ.

ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಚೊಚ್ಚಲ ಬಸುರಿಯನ್ನು ಸೀಮಂತದ ಬಳಿಕ ತವರಿಗೆ ಕರೆದೊಯ್ಯುವ ರೂಢಿಯಿದೆ. ಏಳರಿಂದ ಒಂಬತ್ತನೆಯ ತಿಂಗಳಿನ ಈ ಕಾಲದಲ್ಲಿಯೇ ರಕ್ತದೊತ್ತಡದ ತೊಂದರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಗಂಡನ ಊರಿನ ಆರೋಗ್ಯ ಸಹಾಯಕಿಗೆ ಗರ್ಭಿಣಿ ಹೊರಟುಹೋದದ್ದು, ತವರಿನ ಸಹಾಯಕಿಗೆ ಆಕೆ ಬಂದದ್ದು ತಿಳಿಯದಿದ್ದರೆ ತಪಾಸಣೆ ಅಗತ್ಯವಾದ ಸಮಯದಲ್ಲಿಯೇ ತಪ್ಪಿಹೋಗುತ್ತದೆ. ಆದುದರಿಂದ ಗರ್ಭಿಣಿಯು ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ದು, ತವರಿನ ಆರೋಗ್ಯ ಕೇಂದ್ರದಲ್ಲಿ ಕೂಡಲೇ ತೋರಿಸುವುದು ಅವಶ್ಯಕ.

ಅಪಾಯದ ಸೂಚನೆಗಳು

ಕೆಳಗಿನ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡರೂ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು:

- ಗರ್ಭಾವಸ್ಥೆಯ ಯಾವುದೇ ಹಂತದಲ್ಲಿ ಯೋನಿಯಿಂದ ರಕ್ತಸ್ರಾವ
- ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗುಳಿಯ ಕೆಳಗೆ ನೋವು
- ಮುಖ ಮತ್ತು ಕೈಗಳ ಊತ
- ಸೆಳವು ಅಥವಾ ಪ್ರಜ್ಞೆ ತಪ್ಪುವುದು
- ಮಗುವಿನ ಅಲುಗಾಟ ಕಡಿಮೆಯಾಗುವುದು ಅಥವಾ ನಿಲ್ಲುವುದು
- ನೋವು ಆರಂಭವಾಗುವ ಮೊದಲೇ ಉಮ್ಮನೀರು ಹೋಗುವುದು, ಅಥವಾ ಅದು ಹಸಿರು ಬಣ್ಣದಲ್ಲಿರುವುದು
- ಜ್ವರ, ಚಳಿ, ದುರ್ವಾಸನೆಯ ಸ್ರಾವ
- ಕುಳಿತಲ್ಲಿಯೇ ಏದುಸಿರು, ಎದೆ ಬಡಿತ
- ಬಿಡದೆ ಕಾಡುವ ಹೊಟ್ಟೆನೋವು ಅಥವಾ ನೀರೂ ನಿಲ್ಲದಂತಹ ವಾಂತಿ

ಸಹಜ ತೊಂದರೆಗೂ ಅಪಾಯಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದು ಸೂಲಗಿತ್ತಿಯ ಮುಖ್ಯ ಕೌಶಲ. ಸಂಜೆಯ ವೇಳೆಗೆ ಪಾದಗಳು ಊದಿಕೊಂಡು ರಾತ್ರಿ ಮಲಗಿ ಎದ್ದಾಗ ಇಳಿದರೆ ಅದು ಸಾಮಾನ್ಯ. ಬೆಳಿಗ್ಗೆ ಏಳುವಾಗಲೇ ಮುಖ ಊದಿ, ಬಳೆ ಉಂಗುರಗಳು ಬಿಗಿಯಾದರೆ ರಕ್ತದೊತ್ತಡವನ್ನು ನೋಡಲೇಬೇಕು. ಮೊದಲ ತಿಂಗಳುಗಳ ವಾಂತಿ ಸಹಜ. ಮೊದಲಿದ್ದ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿದು, ಮೂತ್ರ ಕಡಿಮೆಯಾಗಿ, ನಾಲಿಗೆ ಒಣಗಿದರೆ ರಕ್ತನಾಳದ ಮೂಲಕ ದ್ರವವನ್ನು ಕೊಡಬೇಕಾಗುತ್ತದೆ.

ರಕ್ತಹೀನತೆ

ಭಾರತದಲ್ಲಿ ಗರ್ಭಿಣಿಯರನ್ನು ಅತಿ ಹೆಚ್ಚಾಗಿ ಕಾಡುವ ತೊಡಕು ರಕ್ತಹೀನತೆ. 2019–21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇ. 52.2ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದು ಕಂಡುಬಂದಿತು. ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೂ, 7 ಗ್ರಾಂಗಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆಯೆಂದೂ ಪರಿಗಣಿಸಲಾಗುತ್ತದೆ. ಆಯಾಸ, ಏದುಸಿರು, ಕಣ್ಣಿನ ಕೆಳರೆಪ್ಪೆಯ ಒಳಭಾಗ ಮತ್ತು ನಾಲಿಗೆ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಬರಿಗಣ್ಣಿನ ಅಂದಾಜು ಅನೇಕ ಬಾರಿ ತಪ್ಪುವುದರಿಂದ ರಕ್ತಪರೀಕ್ಷೆ ಅನಿವಾರ್ಯ.

ರಕ್ತಹೀನತೆಯ ನಿಜವಾದ ಅಪಾಯ ಪ್ರಕಟವಾಗುವುದು ಹೆರಿಗೆಯ ವೇಳೆಯಲ್ಲಿ. ಆರೋಗ್ಯವಂತ ತಾಯಿ ಸಹಿಸಬಲ್ಲಷ್ಟು ರಕ್ತಸ್ರಾವವೇ ರಕ್ತಹೀನತೆಯಿರುವ ತಾಯಿಯ ಪ್ರಾಣಕ್ಕೆ ಎರವಾಗಬಹುದು.

ಮೊದಲ ಮೂರು ತಿಂಗಳು ಫೋಲಿಕ್ ಆಮ್ಲದ ಮಾತ್ರೆ, ಅನಂತರ 180 ದಿನಗಳ ಕಾಲ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ಬಳಿಕ ಮತ್ತೆ 180 ದಿನಗಳು ಎಂಬುದು ಭಾರತದ ಕ್ರಮ. ಈ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣಾಂಶ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ರಕ್ತಹೀನತೆಯಿದ್ದವರಿಗೆ ದಿನಕ್ಕೆ ಎರಡು ಮಾತ್ರೆ ನೀಡಿ, ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಲಾಗುತ್ತದೆ. ಜಂತುಹುಳುವಿನ ನಿವಾರಣೆಗೆ ನಾಲ್ಕನೆಯ ತಿಂಗಳಿನ ಬಳಿಕ ಒಮ್ಮೆ ಅಲ್ಬೆಂಡಜೋಲ್ ಮಾತ್ರೆಯನ್ನು ಕೊಡುತ್ತಾರೆ. ಮಾತ್ರೆಯಿಂದ ಗುಣ ಕಾಣದಿದ್ದರೆ ಅಥವಾ ದಿನಗಳು ತುಂಬುತ್ತಾ ಬಂದಿದ್ದರೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶವನ್ನು ನೀಡಲಾಗುತ್ತದೆ. ತೀವ್ರ ರಕ್ತಹೀನತೆಯಲ್ಲಿ ರಕ್ತವನ್ನೇ ಕೊಡಬೇಕಾಗಬಹುದು.

ಮಾತ್ರೆ ವಿತರಣೆಯಾದರೂ ಸೇವನೆಯಾಗದಿರುವುದು ಸಾಮಾನ್ಯವಾದ ಸಮಸ್ಯೆ. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು, ಮಗು ಕಪ್ಪಾಗುತ್ತದೆ ಅಥವಾ ತೀರಾ ದಪ್ಪವಾಗುತ್ತದೆ ಎಂಬ ತಪ್ಪು ಕಲ್ಪನೆ ಇದಕ್ಕೆ ಕಾರಣಗಳು. ಮಲ ಕಪ್ಪಾಗುವುದು ನಿರಪಾಯಕಾರಿ ಎಂದು ಮೊದಲೇ ತಿಳಿಸಿದರೆ ಮಾತ್ರೆ ಬಿಡುವವರ ಸಂಖ್ಯೆ ತಗ್ಗುತ್ತದೆ. ಮಾತ್ರೆಯನ್ನು ಚಹಾ, ಕಾಫಿ ಮತ್ತು ಸುಣ್ಣದ ಅಂಶದ ಮಾತ್ರೆಗಳ ಜೊತೆಯಲ್ಲಿ ಸೇವಿಸಬಾರದು; ನಿಂಬೆ, ನೆಲ್ಲಿಕಾಯಿಗಳಂತಹ ಹುಳಿಯ ಪದಾರ್ಥಗಳು ಕಬ್ಬಿಣಾಂಶದ ಹೀರುವಿಕೆಗೆ ನೆರವಾಗುತ್ತವೆ.

ಅಧಿಕ ರಕ್ತದೊತ್ತಡ ಮತ್ತು ಗರ್ಭನಂಜು

ಬಸಿರಿನ 20 ವಾರಗಳ ಬಳಿಕ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ನಾಲ್ಕು ಗಂಟೆಗಳ ಅಂತರದ ಎರಡು ಅಳತೆಗಳಲ್ಲಿಯೂ ಹಾಗೆಯೇ ಇದ್ದರೆ ಅದನ್ನು ಗರ್ಭಾವಸ್ಥೆಯ ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಅದರೊಂದಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಅಥವಾ ಯಕೃತ್ತು, ಮೂತ್ರಪಿಂಡ, ಮಿದುಳು ಮೊದಲಾದ ಅಂಗಗಳಿಗೆ ಬಾಧೆ ತಟ್ಟುವುದು ಸೇರಿದರೆ ಅದು ಪ್ರಿಎಕ್ಲಾಂಪ್ಸಿಯಾ ಅಥವಾ ಗರ್ಭನಂಜು. ಸೆಳವು ಬಂದರೆ ಅದು ಎಕ್ಲಾಂಪ್ಸಿಯಾ. ಚೊಚ್ಚಲ ಬಸುರಿಯರು, ಅವಳಿ ಗರ್ಭವುಳ್ಳವರು, ಮಧುಮೇಹ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು, ಹಿಂದೆ ಈ ತೊಂದರೆಗೆ ಒಳಗಾದವರಲ್ಲಿ ಸಂಭವ ಹೆಚ್ಚು.

ಈ ಕಾಯಿಲೆಯ ಕಪಟವಿರುವುದು ಅದರ ಮೌನದಲ್ಲಿ. ರಕ್ತದೊತ್ತಡ ಏರಿದ್ದರೂ ಗರ್ಭಿಣಿಗೆ ಯಾವ ತೊಂದರೆಯೂ ಅನಿಸದಿರಬಹುದು. ತಲೆನೋವು, ಕಣ್ಣು ಮಂಜು, ಎದೆಗುಳಿಯ ನೋವು ಕಾಣಿಸಿಕೊಳ್ಳುವಾಗ ಸೆಳವು ಸಮೀಪಿಸಿರಬಹುದು. ಎದೆಗುಳಿಯ ನೋವನ್ನು ಹುಳಿತೇಗು, ಅಜೀರ್ಣ ಎಂದು ಭಾವಿಸಿ ಮನೆಮದ್ದಿನಲ್ಲಿ ದಿನ ಕಳೆಯುವುದು ಅಪಾಯಕರ.

ಹೆಚ್ಚಿನ ಅಪಾಯವುಳ್ಳವರಿಗೆ ವೈದ್ಯರು ಬಸಿರಿನ 12ನೆಯ ವಾರದ ಬಳಿಕ ಕಡಿಮೆ ಪ್ರಮಾಣದ ಆಸ್ಪಿರಿನ್ ಸೂಚಿಸುತ್ತಾರೆ. ಸುಣ್ಣದ ಅಂಶದ ಮಾತ್ರೆಗಳೂ ಗರ್ಭನಂಜನ್ನು ತಡೆಯಲು ನೆರವಾಗುತ್ತವೆ. ರಕ್ತದೊತ್ತಡ ಏರಿದಾಗ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಔಷಧಗಳನ್ನು ಬಳಸಲಾಗುತ್ತದೆ. ರಕ್ತದೊತ್ತಡ 160/110 ಮುಟ್ಟಿದರೆ ಅದು ತುರ್ತುಸ್ಥಿತಿ. ಕಾಯಿಲೆಗೆ ಪೂರ್ಣ ಪರಿಹಾರ ಹೆರಿಗೆಯೇ ಆಗಿದೆ. ಅದು ಯಾವಾಗ ಆಗಬೇಕೆಂಬುದನ್ನು ತಜ್ಞವೈದ್ಯರು ತಾಯಿ ಮತ್ತು ಮಗುವಿನ ಸ್ಥಿತಿಯನ್ನು ತೂಗಿ ನಿರ್ಧರಿಸುತ್ತಾರೆ.

ಸೆಳವು ಬಂದಾಗ ತಾಯಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆಯನ್ನು ಒರೆಸಿ, ಉಸಿರಾಟಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳಬೇಕು. ಹಲ್ಲುಗಳ ನಡುವೆ ಚಮಚ, ಬಟ್ಟೆ ತುರುಕಬಾರದು, ನೀರು ಕುಡಿಸಬಾರದು. ಸೆಳವಿಗೆ ಉತ್ತಮ ಔಷಧ ಮೆಗ್ನೀಷಿಯಂ ಸಲ್ಫೇಟ್. 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ್ದ ಮ್ಯಾಗ್‌ಪೈ ಅಧ್ಯಯನವು ಈ ಔಷಧದಿಂದ ಗರ್ಭನಂಜುಳ್ಳವರಲ್ಲಿ ಸೆಳವಿನ ಸಂಭವ ಅರ್ಧಕ್ಕಿಂತಲೂ ಕಡಿಮೆಯಾಗುವುದನ್ನು ತೋರಿಸಿತು. ಭಾರತದಲ್ಲಿ ತರಬೇತಿ ಪಡೆದ ಆರೋಗ್ಯ ಸಹಾಯಕಿಯು ಪ್ರತಿ ಪೃಷ್ಠದ ಸ್ನಾಯುವಿಗೆ 5 ಗ್ರಾಂನಂತೆ ಮೊದಲ ಪ್ರಮಾಣವನ್ನು ಚುಚ್ಚಿ ಗರ್ಭಿಣಿಯನ್ನು ಆಸ್ಪತ್ರೆಗೆ ಕಳುಹಿಸಲು ಅನುಮತಿಯಿದೆ. ಸೆಳವನ್ನು ಗಾಳಿ ಸೋಕಿದ್ದೆಂದು ಬಗೆದು ಮಂತ್ರ-ತಾಯಿತಗಳಲ್ಲಿ ಕಳೆಯುವ ಸಮಯವು ಜೀವಕ್ಕೆ ಕುತ್ತಾಗುತ್ತದೆ. ಹೆರಿಗೆಯಾದ ಬಳಿಕವೂ, ವಿಶೇಷವಾಗಿ ಮೊದಲ ಎರಡು ದಿನಗಳಲ್ಲಿ, ಸೆಳವು ಬರುವ ಸಂಭವವಿರುವುದರಿಂದ ಬಾಣಂತಿಯ ರಕ್ತದೊತ್ತಡವನ್ನು ಅಳೆಯುತ್ತಿರಬೇಕು.

ಗರ್ಭಾವಸ್ಥೆಯ ರಕ್ತಸ್ರಾವ

ಮೊದಲ ತಿಂಗಳುಗಳ ರಕ್ತಸ್ರಾವಕ್ಕೆ ಗರ್ಭಪಾತ ಸಾಮಾನ್ಯ ಕಾರಣ. ಆದರೆ ಮುಟ್ಟು ನಿಂತ ಸ್ತ್ರೀಗೆ ಕೆಳಹೊಟ್ಟೆಯ ಒಂದು ಮಗ್ಗುಲಿನಲ್ಲಿ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಕಂಡರೆ ಗರ್ಭವು ಗರ್ಭಕೋಶದ ಹೊರಗೆ, ಬಹುತೇಕ ಗರ್ಭನಾಳದಲ್ಲಿ ನಿಂತಿರುವ ಶಂಕೆ ಮೂಡಬೇಕು. ನಾಳವು ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ. ಹೊರಗೆ ಕಾಣುವ ರಕ್ತ ಅಲ್ಪವಾಗಿರುವುದರಿಂದ ಅಪಾಯದ ಅಳವು ತಿಳಿಯುವುದಿಲ್ಲ. ಇದಕ್ಕೆ ತುರ್ತು ಶಸ್ತ್ರಚಿಕಿತ್ಸೆಯೇ ಮಾರ್ಗ.

ಕೊನೆಯ ತಿಂಗಳುಗಳಲ್ಲಿ ಮುಖ್ಯವಾಗಿ ಎರಡು ಕಾರಣಗಳಿವೆ. ಮಾಸು ಗರ್ಭಕೋಶದ ಕೆಳಭಾಗದಲ್ಲಿ ಬಾಯಿಗೆ ಅಡ್ಡವಾಗಿ ಅಂಟಿಕೊಂಡಿದ್ದರೆ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಮೊದಲ ಸ್ರಾವ ತಾನಾಗಿಯೇ ನಿಂತು, ಮುಂದಿನದು ಅತಿಯಾಗಬಹುದು. ಸರಿಯಾದ ಸ್ಥಳದಲ್ಲಿರುವ ಮಾಸು ಹೆರಿಗೆಗೆ ಮುಂಚೆಯೇ ಬಿಡಿಸಿಕೊಂಡರೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ಬಿಡದ ನೋವು ಇರುತ್ತದೆ. ರಕ್ತ ಒಳಗೇ ಸಂಗ್ರಹವಾಗಿ ಹೊರಗೆ ಕಡಿಮೆ ಕಾಣಬಹುದು. ಎರಡರಲ್ಲಿಯೂ ಸೂಲಗಿತ್ತಿ ಪಾಲಿಸಬೇಕಾದ ನಿಯಮ ಒಂದೇ: ಕೈಹಾಕಿ ಒಳಪರೀಕ್ಷೆ ಮಾಡಬಾರದು. ಅಡ್ಡವಿರುವ ಮಾಸಿಗೆ ಬೆರಳು ತಾಗಿದರೆ ತಡೆಯಲಾಗದ ರಕ್ತಸ್ರಾವ ಆರಂಭವಾಗಬಹುದು. ರಕ್ತನಾಳಕ್ಕೆ ದ್ರವವನ್ನು ಹಚ್ಚಿ, ರಕ್ತನಿಧಿ ಹಾಗೂ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕಳುಹಿಸಬೇಕು.

ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಪ್ರತಿ ರಕ್ತಸ್ರಾವವೂ ಮುಂದಿನ ಬಸಿರಿನ ದೃಷ್ಟಿಯಿಂದ ಮಹತ್ವದ್ದು. ಮಗುವಿನ ರಕ್ತಕಣಗಳ ವಿರುದ್ಧ ತಾಯಿಯ ದೇಹದಲ್ಲಿ ಪ್ರತಿಕಾಯಗಳು ಬೆಳೆಯದಂತೆ 28ನೆಯ ವಾರದಲ್ಲಿ, ಮತ್ತು ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ನೀಡಲಾಗುತ್ತದೆ.

ಗರ್ಭಾವಸ್ಥೆಯ ಮಧುಮೇಹ

ಬಸಿರಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವ ಮಧುಮೇಹಕ್ಕೆ ಸಾಮಾನ್ಯವಾಗಿ ಲಕ್ಷಣಗಳಿರುವುದಿಲ್ಲ. ಭಾರತದಲ್ಲಿ ಮೊದಲ ಭೇಟಿಯಲ್ಲಿ ಮತ್ತು 24ರಿಂದ 28ನೆಯ ವಾರದಲ್ಲಿ ಎಲ್ಲ ಗರ್ಭಿಣಿಯರಿಗೂ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಗಳ ಬಳಿಕ ರಕ್ತಪರೀಕ್ಷೆ ಮಾಡಲಾಗುತ್ತದೆ. ಊಟವಾಗಿರಲಿ, ಇಲ್ಲದಿರಲಿ, ಈ ಪರೀಕ್ಷೆಯನ್ನು ಮಾಡಬಹುದು. ಖಾಲಿ ಹೊಟ್ಟೆಯಲ್ಲಿ ದೂರದಿಂದ ಬರಬೇಕಾದ ಕಷ್ಟ ಇದರಿಂದ ತಪ್ಪುತ್ತದೆ. ಫಲಿತಾಂಶ 140 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ.

ಮೊದಲ ಎರಡು ವಾರ ಆಹಾರದ ನಿಯಂತ್ರಣ ಮತ್ತು ನಡಿಗೆಯನ್ನು ಸೂಚಿಸಲಾಗುತ್ತದೆ. ‘ಎರಡು ಜೀವದ ಊಟ’ವೆಂದು ಒತ್ತಾಯಿಸಿ ಬಡಿಸುವ ಮನೆಯಲ್ಲಿ ಇದು ಸುಲಭವಲ್ಲ. ಅನ್ನ, ಮುದ್ದೆ, ರೊಟ್ಟಿಗಳ ಪ್ರಮಾಣವನ್ನು ತಗ್ಗಿಸಿ, ಕಾಳು, ಸೊಪ್ಪು, ಮಜ್ಜಿಗೆಗಳನ್ನು ಸೇರಿಸಿ, ಒಂದೇ ಬಾರಿ ಹೊಟ್ಟೆತುಂಬ ಉಣ್ಣುವ ಬದಲು ಹಲವು ಬಾರಿ ಸ್ವಲ್ಪ ಸ್ವಲ್ಪ ಉಣ್ಣುವುದು ಸೂಕ್ತ. ಊಟದ ಎರಡು ಗಂಟೆಗಳ ಬಳಿಕವೂ ಸಕ್ಕರೆ 120 ಮಿ.ಗ್ರಾಂಗಿಂತ ಹೆಚ್ಚಿದ್ದರೆ ವೈದ್ಯರು ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಆರಂಭಿಸುತ್ತಾರೆ. ನಿಯಂತ್ರಣವಿಲ್ಲದಿದ್ದರೆ ಮಗು ಅತಿಯಾಗಿ ಬೆಳೆದು ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳಬಹುದು. ಹುಟ್ಟಿದ ಮಗುವಿನ ರಕ್ತದಲ್ಲಿ ಸಕ್ಕರೆ ಹಠಾತ್ತನೆ ಇಳಿಯಬಹುದು. ಹೆರಿಗೆಯಾದ ಆರು ವಾರಗಳ ಬಳಿಕ ತಾಯಿಗೆ ಮರುಪರೀಕ್ಷೆ ಅಗತ್ಯ.

ಅವಧಿಪೂರ್ವ ಹೆರಿಗೆ ಮತ್ತು ಮಗುವಿನ ಸ್ಥಿತಿ

37 ವಾರ ತುಂಬುವ ಮೊದಲು ಆಗುವ ಹೆರಿಗೆ ಅವಧಿಪೂರ್ವ ಹೆರಿಗೆ. ಕ್ರಮವಾಗಿ ಬಂದು ಹೋಗುವ ನೋವು, ಬೆನ್ನಿನ ಸೆಳೆತ, ಉಮ್ಮನೀರು ಹೋಗುವುದು ಇದರ ಸೂಚನೆಗಳು. 24ರಿಂದ 34 ವಾರಗಳ ನಡುವೆ ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ನೀಡಿದರೆ ಮಗುವಿನ ಶ್ವಾಸಕೋಶಗಳು ಬೇಗ ಪಕ್ವವಾಗುತ್ತವೆ. ನವಜಾತ ಶಿಶುಗಳ ಚಿಕಿತ್ಸಾ ಘಟಕವಿರುವಲ್ಲಿಗೆ ತಾಯಿಯನ್ನು ಹೆರಿಗೆಗೆ ಮುನ್ನವೇ ಸಾಗಿಸುವುದು ಶ್ರೇಯಸ್ಕರ. ಹುಟ್ಟಿದ ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಅಪ್ಪಿಸಿಡುವ ಕಾಂಗರೂ ಆರೈಕೆಯು ಕಡಿಮೆ ತೂಕದ ಮಕ್ಕಳ ಜೀವ ಉಳಿಸುತ್ತದೆ.

24 ವಾರಗಳ ಬಳಿಕ ಹೊಟ್ಟೆಯ ಎತ್ತರವು ಸೆಂಟಿಮೀಟರುಗಳಲ್ಲಿ ಸುಮಾರಾಗಿ ವಾರಗಳ ಸಂಖ್ಯೆಗೆ ಸರಿಹೊಂದುತ್ತದೆ. ಅಳತೆಯ ಟೇಪಿನಿಂದ ನೋಡುವ ಈ ಸರಳ ವಿಧಾನದಿಂದ ಮಗುವಿನ ಬೆಳವಣಿಗೆ ಕುಂಠಿತವಾಗಿರುವುದನ್ನು ಶಂಕಿಸಬಹುದು. ದಿನ ತುಂಬಿದಾಗ ನೂರರಲ್ಲಿ ಮೂರು ನಾಲ್ಕು ಮಕ್ಕಳು ಕಾಲು ಅಥವಾ ಪೃಷ್ಠ ಕೆಳಗಾಗಿ ಇರುತ್ತವೆ. ಅಡ್ಡವಾಗಿರುವ ಮಗು ಸಹಜವಾಗಿ ಹುಟ್ಟಲಾರದು. ಹೊಟ್ಟೆಯನ್ನು ನೀವಿ ಮಗುವನ್ನು ತಿರುಗಿಸುವ ಪ್ರಯತ್ನವು ಮನೆಯಲ್ಲಿ ಸಲ್ಲದು. ಇದರಿಂದ ಮಾಸು ಬಿಡಿಸಿಕೊಳ್ಳುವ ಅಪಾಯವಿದೆ. ಆಯ್ದ ಸಂದರ್ಭಗಳಲ್ಲಿ ತಜ್ಞರು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸಿದ್ಧತೆಯೊಂದಿಗೆ ಇದನ್ನು ಮಾಡುತ್ತಾರೆ.

ತಡವಾಗುವ ಹೆರಿಗೆ

ಹೆರಿಗೆ ನೋವು ಆರಂಭವಾದ ಮೇಲೆ ಗರ್ಭಕೋಶದ ಬಾಯಿ ತೆರೆಯುವ ವೇಗ, ಮಗುವಿನ ಹೃದಯ ಬಡಿತ, ತಾಯಿಯ ನಾಡಿ ಮತ್ತು ರಕ್ತದೊತ್ತಡವನ್ನು ಒಂದೇ ಹಾಳೆಯಲ್ಲಿ ನಕ್ಷೆಯಾಗಿ ಗುರುತಿಸುವ ಕ್ರಮಕ್ಕೆ ಪಾರ್ಟೋಗ್ರಾಫ್ ಎನ್ನುತ್ತಾರೆ. 1972ರಲ್ಲಿ ಫಿಲ್ಪಾಟ್ ಮತ್ತು ಕಾಸಲ್ ಎಂಬ ವೈದ್ಯರು ಅಂದಿನ ರೊಡೇಷಿಯಾದಲ್ಲಿ ಇದಕ್ಕೆ ಎಚ್ಚರಿಕೆಯ ಗೆರೆ ಹಾಗೂ ಕ್ರಮದ ಗೆರೆಗಳನ್ನು ಸೇರಿಸಿದರು. ದೂರದ ಕೇಂದ್ರದ ಸೂಲಗಿತ್ತಿಯು ಯಾವ ಕ್ಷಣದಲ್ಲಿ ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನು ಊಹೆಗೆ ಬಿಡದೆ ಗೆರೆಯೊಂದು ಸೂಚಿಸುವುದು ಇದರ ವಿಶೇಷ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದರ ಪರಿಷ್ಕೃತ ರೂಪವನ್ನು ಪ್ರಕಟಿಸಿದೆ. ಮಗುವಿನ ಹೃದಯ ಬಡಿತ ನಿಮಿಷಕ್ಕೆ 110ರಿಂದ 160ರ ನಡುವೆ ಇರಬೇಕು. ತಡೆಯುಂಟಾದ ಹೆರಿಗೆಯನ್ನು ನಿರ್ಲಕ್ಷಿಸಿದರೆ ಗರ್ಭಕೋಶ ಒಡೆಯುವುದು, ಮಗು ಸಾಯುವುದು, ಬದುಕುಳಿದ ತಾಯಿಗೆ ಮೂತ್ರ ಸದಾ ಸೋರುವ ರಂಧ್ರ ಉಂಟಾಗುವುದು ಸಂಭವಿಸುತ್ತವೆ. ನೋವು ಹೆಚ್ಚಿಸಲು ಮನೆಯಲ್ಲಿ ಚುಚ್ಚುಮದ್ದು ಕೊಡಿಸುವುದು ಮತ್ತು ಹೊಟ್ಟೆಯನ್ನು ಒತ್ತುವುದು ಅತ್ಯಂತ ಅಪಾಯಕರ.

ಹೆರಿಗೆಯ ನಂತರದ ರಕ್ತಸ್ರಾವ

ತಾಯಂದಿರ ಸಾವಿನ ಕಾರಣಗಳಲ್ಲಿ ಇದು ಅಗ್ರಸ್ಥಾನದಲ್ಲಿದೆ. ಹೆರಿಗೆಯ ಬಳಿಕ 500 ಮಿಲಿಲೀಟರ್ ಅಥವಾ ಹೆಚ್ಚು ರಕ್ತ ಹೋಗುವುದನ್ನು ಹೆರಿಗೆಯ ನಂತರದ ರಕ್ತಸ್ರಾವವೆಂದು ಬಹುಕಾಲದಿಂದ ಪರಿಗಣಿಸಲಾಗಿದೆ. ರಕ್ತಹೀನತೆಯುಳ್ಳವರಿಗೆ ಇದಕ್ಕಿಂತ ಕಡಿಮೆಯೂ ಮಾರಕವಾಗಬಹುದು. ಗರ್ಭಕೋಶ ಬಿಗಿಯಾಗಿ ಕುಗ್ಗದಿರುವುದು ಮುಖ್ಯ ಕಾರಣ. ಮಾಸಿನ ಚೂರು ಒಳಗುಳಿಯುವುದು, ಜನನಾಂಗ ಹರಿಯುವುದು, ರಕ್ತ ಹೆಪ್ಪುಗಟ್ಟದಿರುವುದು ಉಳಿದ ಕಾರಣಗಳು.

ತಡೆಗಟ್ಟುವಿಕೆಗಾಗಿ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಲಾಗುತ್ತದೆ. ಈ ಔಷಧವನ್ನು ತಂಪಿನಲ್ಲಿಡಬೇಕು. ಅಂತಹ ಅನುಕೂಲವಿಲ್ಲದ ಕಡೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ನುಂಗಿಸಲಾಗುತ್ತದೆ. ಈ ಮಾತ್ರೆಯ ಉಪಯುಕ್ತತೆಯನ್ನು ತೋರಿಸಿದ ಪ್ರಮುಖ ಅಧ್ಯಯನವೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಆರೋಗ್ಯ ಸಹಾಯಕಿಯರು ಹೆರಿಗೆ ಮಾಡಿಸಿದ 1,620 ಮಹಿಳೆಯರ ಮೇಲಿನ ಈ ಅಧ್ಯಯನದಲ್ಲಿ ಮಾತ್ರೆ ಪಡೆದವರ ಪೈಕಿ ಶೇ. 6.4, ಪಡೆಯದವರ ಪೈಕಿ ಶೇ. 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ರಕ್ತವನ್ನು ಅಂದಾಜಿಸದೆ ಅಳೆಯಲು ಈ ಅಧ್ಯಯನದಲ್ಲಿ ತಾಯಿಯ ಕೆಳಗೆ ಹಾಸುವ, ಅಳತೆಯ ಗುರುತುಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಬಳಸಲಾಗಿತ್ತು.

ಬಟ್ಟೆಗಳಲ್ಲಿ ಇಂಗಿದ ರಕ್ತವನ್ನು ಕಣ್ಣಳತೆಯಿಂದ ಲೆಕ್ಕಹಾಕಿದಾಗ ಅದು ನಿಜಕ್ಕಿಂತ ಕಡಿಮೆಯಾಗಿಯೇ ತೋರುತ್ತದೆ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನವು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆಯಿತು. ಇಂತಹ ಅಳತೆಯ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶದ ಮರ್ದನ, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ದ್ರವ ಪೂರೈಕೆ ಹಾಗೂ ಕಾರಣದ ಪರೀಕ್ಷೆ ಇವುಗಳನ್ನು ಒಂದರ ಬಳಿಕ ಒಂದಾಗಿ ಕಾಯದೆ ಒಟ್ಟಿಗೇ ಆರಂಭಿಸಿದಾಗ ತೀವ್ರ ಪರಿಣಾಮಗಳು ಶೇ. 60ರಷ್ಟು ಕಡಿಮೆಯಾದವು. ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯ ಮೂರು ಗಂಟೆಗಳೊಳಗೆ ಕೊಟ್ಟರೆ ಮಾತ್ರ ಪ್ರಯೋಜನಕಾರಿ. ಸಾಗಿಸುವ ದಾರಿಯಲ್ಲಿಯೂ ಗರ್ಭಕೋಶವನ್ನು ನೀವುತ್ತಿರಬೇಕು, ತಾಯಿಯನ್ನು ಬೆಚ್ಚಗಿಡಬೇಕು.

ಸೋಂಕು ಮತ್ತು ಬಾಣಂತಿ ಜ್ವರ

1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಒಂದು ವ್ಯತ್ಯಾಸವನ್ನು ಗಮನಿಸಿದರು. ವೈದ್ಯವಿದ್ಯಾರ್ಥಿಗಳು ಹೆರಿಗೆ ಮಾಡಿಸುವ ವಿಭಾಗದಲ್ಲಿ ಬಾಣಂತಿ ಜ್ವರದ ಸಾವುಗಳು ಸೂಲಗಿತ್ತಿಯರ ವಿಭಾಗಕ್ಕಿಂತ ಬಹಳ ಹೆಚ್ಚಿದ್ದವು. ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಗೆ ಬರುತ್ತಿದ್ದುದೇ ಕಾರಣವೆಂದರಿತು, ಕ್ಲೋರಿನ್ ದ್ರಾವಣದಲ್ಲಿ ಕೈತೊಳೆಯುವುದನ್ನು ಅವರು ಕಡ್ಡಾಯ ಮಾಡಿದಾಗ ಸಾವುಗಳು ಇಳಿದವು. ಶುದ್ಧ ಕೈ, ಶುದ್ಧ ನೆಲ, ಶುದ್ಧ ಅಲಗು, ಶುದ್ಧ ದಾರ, ಶುದ್ಧ ಹೊಕ್ಕುಳಬಳ್ಳಿ ಎಂಬ ನಿಯಮ ಇಂದಿಗೂ ಮೂಲಪಾಠ. ಹೊಕ್ಕುಳಿಗೆ ಸಗಣಿ, ಬೂದಿ, ಅರಿಶಿನ ಏನನ್ನೂ ಹಚ್ಚಬಾರದು. ಗರ್ಭಿಣಿಯರಿಗೆ ಧನುರ್ವಾಯು ಲಸಿಕೆ ಹಾಗೂ ಶುಚಿಯಾದ ಹೆರಿಗೆಗಳ ಫಲವಾಗಿ 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನಗೊಂಡಿತೆಂದು ಘೋಷಿಸಲಾಯಿತು.

ಬಸಿರಿನಲ್ಲಿ ಮೂತ್ರದ ಸೋಂಕು ಸಾಮಾನ್ಯ. ಉರಿಮೂತ್ರದೊಂದಿಗೆ ಜ್ವರ, ಬೆನ್ನುನೋವು ಬಂದರೆ ಮೂತ್ರಪಿಂಡಕ್ಕೆ ತಗಲಿರಬಹುದು. ಬಾಣಂತಿಗೆ ಜ್ವರ, ಕೆಳಹೊಟ್ಟೆಯ ನೋವು, ದುರ್ವಾಸನೆಯ ಸ್ರಾವವಿದ್ದರೆ ನಂಜೇರುವ ಮೊದಲು ಪ್ರತಿಜೀವಕ ಔಷಧ ದೊರೆಯಬೇಕು. ಬಾಣಂತಿಗೆ ಶೀತವಾಗುತ್ತದೆಂದು ನೀರನ್ನು ಮಿತಗೊಳಿಸುವ ರೂಢಿ ಹಾನಿಕರ.

ಬಾಣಂತಿಯ ಮನಸ್ಸು

ಹೆರಿಗೆಯ ಮೊದಲ ವಾರದಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯವಾಗಿದ್ದು, ಎರಡು ವಾರಗಳೊಳಗೆ ಕಡಿಮೆಯಾಗುತ್ತದೆ. ಅದು ಮುಂದುವರಿದು, ನಿದ್ದೆ, ಊಟ, ಮಗುವಿನ ಮೇಲಿನ ಆಸಕ್ತಿ ಕುಂದಿದರೆ ಖಿನ್ನತೆಯನ್ನು ಶಂಕಿಸಬೇಕು. ತನಗೆ ಅಥವಾ ಮಗುವಿಗೆ ಹಾನಿ ಮಾಡಿಕೊಳ್ಳುವ ಮಾತು, ಭ್ರಮೆ, ಗೊಂದಲಗಳು ತುರ್ತು ಚಿಕಿತ್ಸೆಯನ್ನು ಬೇಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಚಿಕಿತ್ಸೆ ನೀಡುವ ವಿಶೇಷ ಘಟಕವಿದೆ.

ಮೂರು ವಿಳಂಬಗಳು

ತಾಯಂದಿರ ಸಾವಿಗೆ ಕಾರಣವಾಗುವ ತಡವನ್ನು ಥಡಿಯಸ್ ಮತ್ತು ಮೈನ್ ಎಂಬ ಸಂಶೋಧಕರು 1994ರಲ್ಲಿ ಮೂರಾಗಿ ವಿಂಗಡಿಸಿದರು: ಆಸ್ಪತ್ರೆಗೆ ಹೋಗುವ ನಿರ್ಧಾರದಲ್ಲಿ ತಡ, ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ ತಡ. ಮೊದಲನೆಯದು ಮನೆಯೊಳಗಿನದು, ಹಿರಿಯರು ಅಥವಾ ಗಂಡ ಬರುವವರೆಗೆ ಕಾಯುವುದು ಇದಕ್ಕೆ ಉದಾಹರಣೆ. ಎರಡನೆಯದಕ್ಕೆ 108 ಆಂಬ್ಯುಲೆನ್ಸ್ ಸೇವೆ, 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಉಚಿತ ಸಾರಿಗೆ ನೆರವಾಗುತ್ತವೆ. ಮೂರನೆಯದನ್ನು ತಗ್ಗಿಸಲು ಸೂಲಗಿತ್ತಿಯು ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿ, ಕೊಟ್ಟ ಔಷಧ, ಅದರ ಪ್ರಮಾಣ ಮತ್ತು ಸಮಯವನ್ನು ಬರೆದು ಕಳುಹಿಸುತ್ತಾಳೆ. ಸಾಧ್ಯವಾದರೆ ತಾನೇ ಜೊತೆಯಲ್ಲಿ ಹೋಗುತ್ತಾಳೆ.

ಎಂಟನೆಯ ತಿಂಗಳಿನೊಳಗೆ ಕುಟುಂಬವು ಹೆರಿಗೆಯ ಆಸ್ಪತ್ರೆ, ವಾಹನ, ರಕ್ತ ಕೊಡಬಲ್ಲವರು ಮತ್ತು ಜೊತೆಗೆ ಬರುವವರನ್ನು ಗೊತ್ತುಮಾಡಿಟ್ಟುಕೊಳ್ಳುವುದನ್ನು ಹೆರಿಗೆ ಸಿದ್ಧತೆ ಎನ್ನುತ್ತಾರೆ. ಗರ್ಭಿಣಿಗೆ ಅಪಾಯದ ಸೂಚನೆ ಕಂಡ ಕೂಡಲೇ ಯಾರ ಅನುಮತಿಗೂ ಕಾಯದೆ ಹೊರಡಬೇಕೆಂಬ ಒಪ್ಪಂದವೂ ಈ ಸಿದ್ಧತೆಯ ಭಾಗವಾಗಿದೆ.